ಮುಳ್ಳಿಲ್ಲದ ಸಾಲು

ರೇವವ್ವನ ಬಲಗೈಯಲ್ಲಿ ತೋರುಬೆರಳು ಇರಲಿಲ್ಲ. ಹೀಗಾಗಿ ಅವಳು ರೊಟ್ಟಿ ಬಡಿಯುವ ಸದ್ದು ಓಣಿಯ ಬೇರೆ ಹೆಂಗಸರ ಸದ್ದಿನ ಹಾಗಿರಲಿಲ್ಲ; ನಡುವೆ ಎಲ್ಲೋ ಒಂದೆಡೆ ಪೊಳ್ಳು ಕೇಳುತ್ತಿತ್ತು. ಎಳ್ಳಮಾವಾಸ್ಯೆಯ ಬೆಳಗಿನ ಜಾವ ಶಲವಡಿಯ ಮನೆಮನೆಯಲ್ಲೂ ರೊಟ್ಟಿಯ ಸದ್ದು ಎದ್ದಿತ್ತು. ಅಂಗಳದಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತಿದ್ದ ಈರಪ್ಪನಿಗೆ ಅಷ್ಟು ಸದ್ದಿನ ನಡುವೆಯೂ ತನ್ನ ಹೆಂಡತಿಯದು ಯಾವುದೆಂದು ಗೊತ್ತಾಗುತ್ತಿತ್ತು.

"ಇವತ್ತರೆ ಮುಟ್ಟತೀಯೋ ಇಲ್ಲೋ?" ಎಂದು ಒಳಗಿನ ಕಡೆ ಕೂಗಿದ.

"ಏನ್ನ?"

"ಕುಸುಬಿನ್ನ."

"ಕೊಯ್ಲಿಗೆ ನೋಡೂಣು ಅಂದೇನಲ್ಲ. ಇನ್ನೂ ಎಣಗಾಯಿ ಆಗಬೇಕು, ಪುಂಡಿಪಲ್ಯ ಆಗಬೇಕು. ನಿಮ್ಮ ಕುಸುಬಿ ಎಲ್ಲೂ ಓಡಿಹೋಗೂದಿಲ್ಲ."

"ಮಡಿವಾಳಣ್ಣ ಬರ್ತಾನ, ಜಹೀರುದ್ದೀನ ಸಾಹೇಬ್ರು ಬರ್ತಾರ, ಮರೆವ್ವ ಬರ್ತಾಳ. ಎಲ್ಲಾರೂ ಮುಟ್ಟಿ ನೋಡಾವ್ರು. ನೀ ಒಬ್ಬಾಕಿನ..."

"ಮುಟ್ಟಲಿ. ಅವರವು ಹತ್ತೂ ಬೆರಳ ಅದಾವ."

ಈರಪ್ಪ ಬಣ್ಣದ ಬಟ್ಟೆಯನ್ನು ಡಬ್ಬಿಯಲ್ಲಿ ಅದ್ದಿದ.

ಕುಸುಬಿ ಎಣ್ಣೆಕಾಳಿನ ಮುಳ್ಳುಗಿಡ; ಅದರ ಕೊಯ್ಲು ಬೆಳಗಿನ ಕೆಲಸ. ಮಂಜಿಗೆ ಮುಳ್ಳು ನೆನೆದು ಮೆತ್ತಗಿರುವಾಗಲೇ ಗಿಡ ಕಿತ್ತು ಗುಂಪಿ ಹಾಕಿ, ಮೇಲೆ ಕಲ್ಲು ಹೇರಿ ಮನೆಗೆ ಬರಬೇಕು. ಹೊತ್ತು ಏರಿತೆಂದರೆ ಎಲೆಯ ಅಂಚಿನ ಒಂದೊಂದು ಮುಳ್ಳೂ ದಬ್ಬಣ. ಕೈಕಾಲಿಗೆ ಗೋಣಿತಟ್ಟಿನ ಚೂರು ಸುತ್ತಿಕೊಂಡರೂ ಸಂದು ಹುಡುಕಿ ಬರುತ್ತದೆ. ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಿಸಿಲು ಬಿದ್ದ ಮೇಲೂ ಅರ್ಧ ಸಾಲು ಉಳಿದಿತ್ತು. ಇಷ್ಟಕ್ಕ ನಾಳೆ ಯಾರ ಬರಬೇಕು, ಮುಗಿಸಿಬಿಡು ಎಂದವನು ಈರಪ್ಪ. ಮುಳ್ಳು ರೇವವ್ವನ ಉಗುರಿನ ಕೆಳಗೆ ಮುರಿಯಿತು. ಮನೆಯಲ್ಲಿ ಉಗುರುಸುತ್ತು ಎಂದು ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿದರು, ಬೇವಿನಸೊಪ್ಪು ಅರೆದು ಕಟ್ಟಿದರು. ಹುಬ್ಬಳ್ಳಿಯ ದವಾಖಾನೆಗೆ ಹೋಗುವ ಹೊತ್ತಿಗೆ ಬೆರಳು ಬುಡದವರೆಗೆ ಕಪ್ಪಾಗಿತ್ತು. ಯಾರು ಏನು ಅಂದಿದ್ದರು ಎಂಬುದನ್ನು ಗಂಡಹೆಂಡತಿ ಇಬ್ಬರೂ ಮತ್ತೆ ಎತ್ತಲಿಲ್ಲ. ರೇವವ್ವ ಮಾತ್ರ ಅಂದಿನಿಂದ ಕುಸುಬಿಯ ಸಾಲಿಗೆ ಕೈ ಹಾಕಲಿಲ್ಲ. ಜೋಳ ಕೊಯ್ದಳು, ಕಡಲೆ ಕಿತ್ತಳು, ಹತ್ತಿ ಬಿಡಿಸಿದಳು. ಕುಸುಬಿ ಬಂದರೆ ಬದುವಿನ ಮೇಲೆ ನಿಂತು ಆಳುಗಳಿಗೆ ನೀರು ಕೊಡುತ್ತಿದ್ದಳು.

ಮರುವರ್ಷದ ಕೊಯ್ಲಿನಲ್ಲಿ ಈರಪ್ಪನ ಕೈಗೆ ಒಂದು ಗಿಡ ಸಿಕ್ಕಿತು. ಎಲೆಯ ಅಂಚು ನುಣ್ಣಗೆ. ಹೂವಿನ ಬುಡದ ಎಲೆಯಲ್ಲೂ ಒಂದು ಮುಳ್ಳಿಲ್ಲ. ರೋಗದ ಗಿಡ ಇರಬೇಕು ಎಂದು ಆಳುಗಳು ಅಂದರು. ಈರಪ್ಪ ಅದರ ಕಾಯಿಗಳನ್ನಷ್ಟೇ ಮುರಿದು, ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಬಂದು, ಅಟ್ಟದ ಮೇಲೆ ಒಂದು ಗಡಿಗೆಯಲ್ಲಿಟ್ಟ. ಮುಂದಿನ ಹಿಂಗಾರಿಗೆ ಹಿತ್ತಿಲಲ್ಲಿ ಬಿತ್ತಿದ. ಹೆಚ್ಚಿನವು ನುಣ್ಣಗೆ ಬಂದವು, ಕೆಲವು ಮುಳ್ಳು ಹೊತ್ತೇ ಬಂದವು. ಮುಳ್ಳಿನವನ್ನು ಕಿತ್ತು ಒಗೆದ. ಮರುವರ್ಷ ಮತ್ತೆ ಕೆಲವು ಬಂದವು.

ಆಗ ಗ್ರಾಮಸೇವಕನಾಗಿ ಹೊಸದಾಗಿ ಬಂದವನು ಜಹೀರುದ್ದೀನ. ಅಣ್ಣಿಗೇರಿಯಿಂದ ಸೈಕಲ್ ಮೇಲೆ ಬರುತ್ತಿದ್ದ. ಗೊಬ್ಬರದ ಬಗ್ಗೆ ಹೇಳಲು ಬಂದವನನ್ನು ಈರಪ್ಪ ಹಿತ್ತಿಲಿಗೆ ಕರೆದುಕೊಂಡು ಹೋಗಿ ಗಿಡ ತೋರಿಸಿದ.

"ಜೇನ ಹುಳದ ಕೆಲಸ ಇದು," ಎಂದ ಜಹೀರುದ್ದೀನ. "ಬಾಜು ಹೊಲದಿಂದ ಮುಳ್ಳಿನ ಗಿಡದ ಹುಡಿ ತಂದು ಇಲ್ಲಿ ಸೇರಸತಾವ. ಹೂ ಅರಳೂಕಿಂತ ಮೊದಲ ಮ್ಯಾಲ ಅರಿವಿ ಕಟ್ಟರಿ."

ಈರಪ್ಪ ಹೆಂಡತಿಯ ಹಳೆಯ ಕುಬಸಗಳನ್ನು ಹರಿದು ಚೀಲ ಮಾಡಿ ಒಂದೊಂದು ಮೊಗ್ಗಿಗೂ ಕಟ್ಟಿದ. ಕೆಂಪು, ಹಸಿರು, ಇಳಕಲ್ಲಿನ ದಡಿ. ಪಕ್ಕದ ಹೊಲದ ಮಡಿವಾಳೆಪ್ಪ, ವಯಸ್ಸಿನಲ್ಲಿ ಹಿರಿಯ, ವರಸೆಯಲ್ಲಿ ಅಣ್ಣ, ಹಿತ್ತಿಲ ಗೋಡೆಯ ಮೇಲಿಂದ ಹಣಕಿ ನೋಡಿ, ಬಸುರಿಗೆ ಮಾಡುವ ಕುಬಸದ ಶಾಸ್ತ್ರ ನೆನೆದು ಊರಿಗೆಲ್ಲ ಸಾರಿದ: "ನಮ್ಮ ಈರ್ಯಾ ಗಿಡಕ್ಕ ಕುಬಸಾ ಮಾಡ್ಯಾನ. ಯಾವ ತಿಂಗಳಾಗ ಹಡೀತಾವೋ ಕೇಳಬೇಕು!" ಆ ಒಂದು ವರ್ಷ ಶಲವಡಿಯಲ್ಲಿ ಈರಪ್ಪ ಎಲ್ಲಿ ಹೋದರೂ, ಬಾಣಂತಿ ಹೆಂಗದಾಳ ಎಂದು ಕೇಳುತ್ತಿದ್ದರು. ರೇವವ್ವನೂ ಬಿಡಲಿಲ್ಲ. "ನನ್ನ ಮೈಮ್ಯಾಲಿನ ಕುಬಸಾ ಅಷ್ಟ ಉಳದೈತಿ, ಅದನ್ನೂ ಬೇಕೇನ್ರಿ ನಿಮ್ಮ ಕುಸುಬಿಗೆ?" ಎಂದಳು.

ಅವಳ ಬಾಯಲ್ಲಿ ಅದು ಯಾವಾಗಲೂ ನಿಮ್ಮ ಕುಸುಬಿ. ಎಪ್ಪತ್ತೆರಡರಲ್ಲಿ ಮಳೆ ಕೈಕೊಟ್ಟಾಗ ಈರಪ್ಪ ಮುಖ ತೊಳೆದ ನೀರನ್ನು ಹಿಡಿದಿಟ್ಟು ಹಿತ್ತಿಲಿಗೆ ಹಾಕಿದ. ಆಗಲೂ ಅವಳು, "ಮನಿ ಮಂದಿ ಬಾಯಿ ಒಣಗಲಿ, ನಿಮ್ಮ ಕುಸುಬಿ ನೀರಡಿಸಬಾರದು," ಎಂದಳು. ಆದರೆ ಮರುದಿನದಿಂದ ಪಾತ್ರೆ ತೊಳೆದ ನೀರನ್ನೂ ಹಿತ್ತಿಲ ಬಾಗಿಲಿಗೆ ತಂದಿಡತೊಡಗಿದಳು. ಅಲ್ಲಿಂದ ಮುಂದೆ ಒಯ್ಯುತ್ತಿರಲಿಲ್ಲ.

ಯಾರಾದರೂ ಇದೆಲ್ಲ ಯಾಕೆ ಎಂದು ಕೇಳಿದರೆ ಈರಪ್ಪ, "ಕೊಯ್ಲಿಗೆ ಆಳ ಸಿಗೂದಿಲ್ಲಪಾ ಈಗ," ಎನ್ನುತ್ತಿದ್ದ. ಕೇಳಿದವರು ಹೌದೆಂದು ಗೋಣು ಹಾಕುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಸಂಜೆ ಜಹೀರುದ್ದೀನ ಈರಪ್ಪನ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ. ಮಡಿವಾಳೆಪ್ಪನೂ ಇದ್ದ. ಮಾತು ಮುಳ್ಳಿನ ಮೇಲೆ ಬಂತು.

"ಈ ಮುಳ್ಳ ದೇವರ ಯಾಕ ಇಟ್ಟಾನ ಅಂತೇನಿ," ಎಂದ ಈರಪ್ಪ.

"ಇಟ್ಟಿದ್ದಲ್ರಿ ಅದು, ಉಳದದ್ದು," ಎಂದ ಜಹೀರುದ್ದೀನ. "ನಮ್ಮ ತರಬೇತಿಯೊಳಗ ಒಬ್ಬ ಮಾಸ್ತರ ಹೇಳಿದ್ರು. ಮೊಟ್ಟಮೊದಲ ಈ ಹಸರು ಅನ್ನೂದು ನೀರಾಗ ಇತ್ತಂತ, ಕೆರಿ ಪಾಚಿಗತೆ. ಬೇರಿಲ್ಲ, ಎಲಿ ಇಲ್ಲ. ದಂಡಿಗೆ ಬಂದದ್ದು ಆಮ್ಯಾಲ. ನೆಲಾ ಹಿಡೀಬೇಕಲ್ಲ, ಬೇರ ಬಂತು. ಎತ್ತರ ಆಗಬೇಕಲ್ಲ, ಕಟಗಿ ಬಂತು. ಹೂವು ಅಂಬೂದಂತೂ ಅಗದಿ ಮೊನ್ನೆ ಮೊನ್ನೆ ಬಂದದ್ದು."

"ಹೂ ಇರಲಿಲ್ಲಂದ್ರ ದೇವರಿಗೇನ ಏರಸತಿದ್ರು?" ಎಂದ ಈರಪ್ಪ.

"ಏರಸಾಕ ಮನಶ್ಯಾರ ಇರಲಿಲ್ಲಲ್ರಿ."

"ಹಂಗಾರ ದೇವರ ಅರಾಮ ಇದ್ದ ಬಿಡು," ಎಂದ ಮಡಿವಾಳೆಪ್ಪ.

ಬಾಗಿಲ ಹಿಂದೆ ಕಡಲೆ ಹಸನು ಮಾಡುತ್ತಿದ್ದ ರೇವವ್ವ ನಕ್ಕದ್ದು ಹೊರಗೆ ಕೇಳಿತು.

"ಗಿಡಕ್ಕ ಕಾಲಿಲ್ಲ, ಬಾಯಿಲ್ಲ," ಎಂದು ಜಹೀರುದ್ದೀನ ಮುಂದುವರಿಸಿದ. "ದನಾ ತಿನ್ನಾಕ ಬಂದ್ರ ಓಡಾಕ ಬರೂದಿಲ್ಲ, ಚೀರಾಕ ಬರೂದಿಲ್ಲ. ಯಾವುದರ ಎಲಿ ಅಂಚು ಒಂಚೂರು ಬಿರುಸಿತ್ತೋ ಅದನ್ನ ಬಿಟ್ಟು, ಮೆತ್ತಗಿದ್ದದ್ದನ್ನ ತಿಂದುವು. ಬಿರುಸಿನದರ ಬೀಜ ಬಿತ್ತು, ಮೆತ್ತಗಿನದು ವಂಶಾನ ಹೋತು. ಹಿಂಗ ಸಾವಿರ ಅಲ್ಲ, ಲಕ್ಷಗಟ್ಟಲೆ ವರ್ಷ ತಿಂದಾವ. ಕಾಡಿನ್ಯಾಗ ಕುಸುಬಿ ಅಣ್ಣತಮ್ಮಂದಿರು ಅದಾವಂತ, ಮೈತುಂಬ ಮುಳ್ಳ."

"ಅಂದ್ರ ಮುಳ್ಳ ಮಾಡಿದ್ದು ದನಾ ಅನ್ರಿ," ಎಂದಳು ರೇವವ್ವ ಒಳಗಿನಿಂದಲೇ.

"ಹೌದ್ರೆವ್ವಾ. ದನಾನ."

"ಮತ್ತ ಇವರು ಅದನ್ನ ತಗ್ಯಾಕ ಹೊಂಟಾರಲ್ಲ?"

"ಅವರು ತಗೀಲಿ ಬಿಡ್ರಿ. ದನಕ್ಕ ಲಕ್ಷ ವರ್ಷ ಹಿಡೀತು, ಈರಪ್ಪಾರಿಗೆ ಐದ ವರ್ಷ ಹಿಡದೈತಿ."

ಈರಪ್ಪನಿಗೆ ಈ ಮಾತು ಬಹಳ ಹಿಡಿಸಿತು. ಆ ಮಳೆಗಾಲ ಪೂರ್ತಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಹಿಂಗಾರಿ ಬಿತ್ತಿಗೆಯಲ್ಲಿ ಅವನು ಗಡಿಗೆ ಇಳಿಸಿದ. ಜೋಳದ ಹೊಲದ ಮೂರು ಕಡೆ ಎಂದಿನ ಮುಳ್ಳುಕುಸುಬಿ. ರಸ್ತೆಯ ಕಡೆಯ ಬದುವಿಗೆ ಮಾತ್ರ ಮೂರು ಸಾಲು ಮುಳ್ಳಿಲ್ಲದ್ದು. ಮುಳ್ಳಿನ ಸಾಲು ಬಾಜು ಇದ್ದರೆ ಬೆರಕೆಯಾದೀತು ಎಂದು ಜಹೀರುದ್ದೀನ ಎಚ್ಚರಿಸಿದ್ದ; ಅದಕ್ಕೆ ಹೂ ಅರಳುವ ಮೊದಲು ಕಟ್ಟುವ ಚೀಲ ಹೊಲಿಸಲು ಈರಪ್ಪ ಹಳೆಯ ಧೋತರ ಎರಡು ತೆಗೆದಿಟ್ಟಿದ್ದ. ಬಿತ್ತುತ್ತ ಬಿತ್ತುತ್ತ ಮೂರನೆಯ ಸಾಲಿನ ಕೊನೆಗೆ ಬೀಜ ಗಡಿಗೆಯ ತಳ ಸೇರಿತ್ತು.

"ಬುಡಕ್ಕ ಒಂದ ಮುಷ್ಟಿ ಉಳಸ್ರಿ," ಎಂದಳು ರೇವವ್ವ.

"ಸಾಲ ಅರ್ಧಾಮರ್ಧಾ ಬಿಡೂದು ಚಂದ ಕಾಣೂದಿಲ್ಲ."

"ಚಂದ ಯಾರ ನೋಡ್ತಾರ? ಬೀಜಾ ಪೂರ್ತಿ ಬಿತ್ತಿದ ಒಕ್ಕಲಿಗನ್ನ ಎಲ್ಲೂ ಕಂಡಿಲ್ಲ ನಾ."

"ಬರೂ ವರ್ಷ ಚೀಲಗಟ್ಟಲೆ ಬರ್ತೈತಿ, ಸುಮ್ಮನಿರು," ಎಂದು ಈರಪ್ಪ ಗಡಿಗೆ ಬೋರಲು ಹಾಕಿ ತಳ ಬಡಿದು ಬಿತ್ತಿ ಮುಗಿಸಿದ್ದ.

ಆ ಮೂರು ಸಾಲನ್ನು ಊರಿಗೆ ತೋರಿಸುವ ದಿನ ಇವತ್ತು.

ಬಿಸಿಲು ಹದವಾಗಿತ್ತು. ಅಮಾವಾಸ್ಯೆಯ ಊಟಕ್ಕೆ ಊರಿಗೆ ಊರೇ ಬಂಡಿ ಕಟ್ಟಿಕೊಂಡು ಹೊಲದ ದಾರಿ ಹಿಡಿದಿತ್ತು. ಈರಪ್ಪ ತನ್ನ ಬಂಡಿಯನ್ನು ರಸ್ತೆಯ ಬದುವಿಗೆ ತಂದು ನಿಲ್ಲಿಸಿ, ಎತ್ತುಗಳನ್ನು ಬಿಟ್ಟು ಬಂಡಿಯ ನೊಗಕ್ಕೆ ಕಟ್ಟಿದ. ಈ ಹೊಲಕ್ಕೆ ಬಂದ ಬಂಡಿ ಅಲ್ಲೇ ನಿಲ್ಲುವುದು ಅವನ ಅಪ್ಪನ ಕಾಲದ ರೂಢಿ. ಎರೆನೆಲದಲ್ಲಿ ಬೇಲಿಗೆ ಕಲ್ಲಿಲ್ಲ, ಗಿಡವಿಲ್ಲ. ಎದುರಿಗೆ ಕುಸುಬಿ ಇದ್ದರೆ ಎತ್ತು ಅದನ್ನು ದಾಟಿ ಜೋಳಕ್ಕೆ ಬಾಯಿ ಹಾಕುವುದಿಲ್ಲ. ಹಿಂದೆ ಬಂದ ಮಡಿವಾಳೆಪ್ಪನೂ ಅದೇ ಸಾಲಿಗೆ ಬಂಡಿ ಹಚ್ಚಿ, ಹಾಗೆಯೇ ಎತ್ತು ಕಟ್ಟಿದ. ಜಹೀರುದ್ದೀನ ಸೈಕಲ್ಲನ್ನು ಬಂಡಿಗೆ ಒರಗಿಸಿದ.

"ಬರ್ರಿ, ಮುಟ್ಟಿ ನೋಡಿ ಮುಂದಕ್ಕ ಹೋಗೂಣು," ಎಂದ ಈರಪ್ಪ.

ಗಿಡಗಳು ಮೊಣಕಾಲೆತ್ತರ ಬಂದು ಮೊಗ್ಗು ಹಿಡಿದಿದ್ದವು. ಎಲೆಗಳು ಎಣ್ಣೆ ಸವರಿದಂತೆ ಮಿರುಗುತ್ತಿದ್ದವು. ಪ್ರತಿ ವರ್ಷ ಕುಸುಬಿ ಕೊಯ್ಯಲು ಬರುತ್ತಿದ್ದ ಮರೆವ್ವ ಕೈ ಮುಂದೆ ಚಾಚಿ ಹಿಂದೆ ಎಳೆದುಕೊಂಡಳು.

"ಏ ಮರೆವ್ವ, ಹಾವೇನ ಅದು? ಹಾಕ ಕೈಯಿ," ಎಂದ ಮಡಿವಾಳೆಪ್ಪ.

"ನೀವ ಮೊದಲ ಹಾಕ್ರಿ ಗೌಡ್ರ. ನಿಮ್ಮ ಕೈಯಾಗ ಒಮ್ಮೆರೆ ಮುಳ್ಳ ಮುರದೈತೇನು?"

ಎಲ್ಲರೂ ನಕ್ಕರು. ಮರೆವ್ವ ಕಣ್ಣು ಮುಚ್ಚಿಕೊಂಡು ಮೊಣಕೈವರೆಗೆ ಗಿಡದೊಳಗೆ ಕೈ ಹಾಕಿದಳು. ಆಮೇಲೆ ಇನ್ನೊಂದು ಕೈ ಹಾಕಿದಳು. ಗಿಡವನ್ನು ತಬ್ಬಿಕೊಂಡಂತೆ ನಿಂತು, "ಅಯ್ಯ ನಿನ್ನ, ಕೂಸಿನ ಮೈ ಇದ್ದಂಗ ಐತಿ," ಎಂದಳು. "ರೇವಕ್ಕಾ, ಬಾ ಬೇ, ನೋಡ ಬಾ."

ರೇವವ್ವ ಬುತ್ತಿಯ ಬುಟ್ಟಿ ಹೊತ್ತು ನಿಂತಿದ್ದಳು. ಗಿಡವನ್ನು ನೋಡಿದಳು. ಗಂಡ ತನ್ನನ್ನೇ ನೋಡುತ್ತಿದ್ದಾನೆಂದು ಗೊತ್ತಾಗಿ, ಬುಟ್ಟಿ ಸರಿಮಾಡಿಕೊಂಡು, "ಕೊಯ್ಲಿಗೆ ಅಂದೇನಲ್ಲ. ಪೂಜಿ ಹೊತ್ತಾತು," ಎಂದು ಮುಂದೆ ನಡೆದಳು. ಆದರೆ ಅವಳ ಮುಖದಲ್ಲಿ ನಗು ಇತ್ತು, ಅದನ್ನು ಈರಪ್ಪ ಕಂಡ.

ಹೊಲದ ನಡುವೆ ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಹೂಡಿ ಸುಣ್ಣ ಹಚ್ಚಿ ಪೂಜೆ ಮಾಡಿದರು. ಈರಪ್ಪ ಭೂಮಿತಾಯಿಗೆ ಚರಗದ ಅನ್ನ ಚೆಲ್ಲುತ್ತ ಹೊಲ ಸುತ್ತಿದ, ಹಿಂದೆ ಮಡಿವಾಳೆಪ್ಪ ತಂಬಿಗೆಯಿಂದ ನೀರು ಬಿಡುತ್ತ ಬಂದ. ತಲೆಯೆತ್ತರ ಬೆಳೆದ ಜೋಳ ಸುತ್ತಲೂ ಗೋಡೆ ಕಟ್ಟಿದಂತಿತ್ತು. ಬಳಿಕ ಊಟಕ್ಕೆ ಕೂತರು. ಸಜ್ಜೆರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಗಂಡಸರು ಬನ್ನಿಗಿಡದ ನೆರಳಿಗೆ ಕೂತರು. ಮರೆವ್ವ ಎಂದಿನ ಹಾಗೆ ಪಂಕ್ತಿಯಿಂದ ದೂರ, ಜೋಳ ಮುಗಿದು ರಸ್ತೆ ಕಾಣುವ ಬದುವಿನ ಮೇಲೆ ಕೂತಳು. ಅವಳನ್ನು ಹತ್ತಿರ ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ತಾನೇ ಬರಬೇಕೆಂದು ಅವಳಿಗೂ.

"ಈರ್ಯಾ," ಎಂದ ಮಡಿವಾಳೆಪ್ಪ ಹೋಳಿಗೆ ಮುರಿಯುತ್ತ, "ಬರೂ ವರ್ಷ ನನಗೂ ಎರಡ ಸೇರ ಬೀಜಾ ಕೊಡ. ಸುಮ್ಮನ ಅಲ್ಲಪಾ. ನಮ್ಮ ಮನಿಯಾಕಿ ಬೆನ್ನ ಹತ್ಯಾಳ."

"ಕುಬಸಾ ಹರಿಯಾಕ ಕೊಡ್ತಾಳೇನು?"

"ಇಪ್ಪತ್ತ ಅದಾವ. ಎಲ್ಲಾ ಹರಿ."

ಈರಪ್ಪ ನಗಲಿಲ್ಲ. ಆರು ವರ್ಷದಲ್ಲಿ ಊರಿನ ಒಬ್ಬನಾದರೂ ಬೀಜ ಕೇಳಿದ್ದು ಇದೇ ಮೊದಲು. ಉತ್ತರ ಹೇಳಬೇಕೆಂದು ಬಾಯಲ್ಲಿದ್ದ ತುತ್ತು ನುಂಗುತ್ತಿದ್ದ.

"ರೇವಕ್ಕಾ! ಎತ್ತು!" ಎಂದು ಮರೆವ್ವ ಚೀರಿದಳು.

ಎತ್ತು ಜೋಳಕ್ಕೆ ಬಿದ್ದಿರಬೇಕೆಂದು ಗಂಡಸರು ಎದ್ದು ಜೋಳದ ಕಡೆ ನೋಡಿದರು. ಬಡಿಸುತ್ತಿದ್ದ ರೇವವ್ವ ಮಾತ್ರ ನೇರ ರಸ್ತೆಯ ಕಡೆ ಓಡಿದಳು. ಸೌಟು ಅವಳ ಕೈಯಲ್ಲೇ ಇತ್ತು.

ನಾಲ್ಕು ಎತ್ತುಗಳು ತಲೆ ತಗ್ಗಿಸಿ ನಿಂತಿದ್ದವು. ಯಾವ ಗಡಿಬಿಡಿಯೂ ಇಲ್ಲ. ಗೋದಲಿಯಲ್ಲಿ ಮೇವು ಹಾಕಿದಾಗ ತಿನ್ನುವ ಹಾಗೆ, ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ನಾಲಿಗೆ ಚಾಚುತ್ತಿದ್ದವು. ಬಾಯಿಗೆ ಸಿಕ್ಕಷ್ಟು ಮುಗಿದ ಮೇಲೆ ಜಗ್ಗಿರಬೇಕು; ಮಡಿವಾಳೆಪ್ಪನ ಜೋಡಿ ಬಂಡಿಯನ್ನೇ ಎಳೆದುಕೊಂಡು ಸಾಲಿಗುಂಟ ಮುಂದೆ ಹೋಗಿತ್ತು. ಈರಪ್ಪನವು ಹಗ್ಗ ಹರಿದುಕೊಂಡಿದ್ದವು. ಬಣ್ಣ ಹಚ್ಚಿದ ಕೊಂಬುಗಳು ಎದ್ದು ಬಿದ್ದು ಆಡುತ್ತಿದ್ದವು.

ರೇವವ್ವ ಮೊದಲು ಸಿಕ್ಕ ಎತ್ತಿನ ಮುಖಕ್ಕೆ ಸೌಟಿನಿಂದ ಬಡಿದಳು. ಹಬ್ಬದ ದಿನ ಎತ್ತಿಗೆ ಯಾರೂ ಕೈ ಎತ್ತುವುದಿಲ್ಲ. ಅವಳು ಮತ್ತೊಮ್ಮೆ ಬಡಿದಳು. "ಬಿಡು! ಬಿಡ ನನ್ನ ಕುಸುಬಿ! ನನ್ನ ಕುಸುಬಿ ಅದು, ನಿನ್ನ ಹೆಣಾ ಎತ್ತಲಿ, ಬಿಡು!" ಸೌಟು ಎಸೆದು ಎತ್ತಿನ ದವಡೆಯೊಳಗೆ ಬಲಗೈ ಹಾಕಿ, ಅರ್ಧ ಅಗಿದ ಗಿಡವನ್ನು ಹಿಡಿದು ಜಗ್ಗಿದಳು. ಎತ್ತು ತಲೆ ಕೊಡವಿತು. ಅವಳು ಬಿಡಲಿಲ್ಲ. ಜೊಲ್ಲು ಮೊಣಕೈವರೆಗೆ ಇಳಿಯಿತು. ಗಿಡ ಎರಡು ತುಂಡಾಗಿ, ಒಂದು ತುಂಡು ಅವಳ ಕೈಯಲ್ಲಿ ಉಳಿಯಿತು.

ಗಂಡಸರು ಬಂದು ಎತ್ತುಗಳನ್ನು ಹಿಂದಕ್ಕೆ ಎಳೆದರು. ರೇವವ್ವ ಸಾಲಿನೊಳಗೆ ಕೂತಿದ್ದಳು. ಕೈಯಲ್ಲಿದ್ದ ತುಂಡನ್ನು ಹೊರಳಿಸಿ ನೋಡುತ್ತಿದ್ದಳು. ಎಲೆಯ ಅಂಚಿಗೆ ಹೆಬ್ಬೆರಳು ಆಡಿಸಿದಳು, ಒಂದು ಕಡೆಯಿಂದ, ಮತ್ತೆ ಇನ್ನೊಂದು ಕಡೆಯಿಂದ.

"ಕೆಲವು ಚಿಗೀತಾವ್ರಿ," ಎಂದ ಜಹೀರುದ್ದೀನ. "ಕುಡಿ ಚಿವುಟಿದ್ರ ಟಿಸಿಲು ಒಡೀತೈತಲ್ಲ."

ಈರಪ್ಪ ಬಾಗಿ ಒಂದೆರಡು ಮೋಟು ಮುಟ್ಟಿ ನೋಡಿದ. "ಕುಡಿ ಅಲ್ರಿ ಸಾಹೇಬ್ರ. ಬುಡಾ ಕಡದಾವ."

"ಈರ್ಯಾ, ನನ್ನ ಎತ್ತಿನ್ನ ಏನ ಮಾಡ್ಲಿ ಹೇಳು," ಎಂದ ಮಡಿವಾಳೆಪ್ಪ. ಅವನ ದನಿಯಲ್ಲಿ ಎಂದಿನ ಚೇಷ್ಟೆ ಇರಲಿಲ್ಲ.

"ನಿನ್ನ ಎತ್ತಿಂದೇನೈತಿ ಅಣ್ಣಾ? ಮೊದಲ ತಂದು ಇಲ್ಲಿ ಕಟ್ಟಿದಾಂವ ನಾನ. ನಮ್ಮಪ್ಪ ಕಟ್ಟತಿದ್ದ, ನಾನೂ ಕಟ್ಟಿದ್ನಿ." ಈರಪ್ಪ ಎದ್ದು ಧೋತರದ ಮಣ್ಣು ಜಾಡಿಸಿದ. "ನಡೀರಿ, ಊಟಾ ಅರ್ಧಕ್ಕ ಬಿಟ್ಟೀರಿ. ಹಬ್ಬದ ದಿನ ಎಲಿ ಬಿಟ್ಟು ಏಳಬಾರದು."

"ನಮಗ ಸಾಕಪಾ."

"ಸಾಕಂದ್ರ ಹೆಂಗ? ಮೊಸರಬಾನ ಇನ್ನೂ ಹಾಕಿಲ್ಲ. ನಡಿ."

ಅವರು ಹೋದರು. ಕೂತು ತಲೆ ತಗ್ಗಿಸಿ ಉಂಡರು. ಬಡಿಸಿದವನು ಈರಪ್ಪನೇ. ರೇವವ್ವ ಬರಲಿಲ್ಲ.

ಅವನು ಕೈ ತೊಳೆದು ರಸ್ತೆಯ ಬದುವಿಗೆ ಬಂದಾಗ ರೇವವ್ವ, ಮರೆವ್ವ ಇಬ್ಬರೂ ಹಳ್ಳದ ದಂಡೆಯಿಂದ ಜಾಲಿಯ ಟೊಂಗೆಗಳನ್ನು ಎಳೆದುಕೊಂಡು ಬರುತ್ತಿದ್ದರು. ಮೊದಲು ಬಂಡಿ ನಿಂತಿದ್ದ ಜಾಗದಲ್ಲಿ, ಗಾಲಿಯ ಮರೆಗೆ ಎತ್ತಿನ ನಾಲಿಗೆ ಎಟುಕದೆ ಒಂದಿಷ್ಟು ಗಿಡ ಉಳಿದಿದ್ದವು. ಅವುಗಳ ಸುತ್ತ ಟೊಂಗೆ ಒಟ್ಟುತ್ತಿದ್ದರು. ಜಾಲಿಯ ಮುಳ್ಳು ಬಿಳಿಯದು, ಬೆರಳುದ್ದ.

"ಬಿಡ ಅದನ್ನ. ನಾ ಹಚ್ಚತೇನಿ," ಎಂದ ಈರಪ್ಪ. "ಮುಟ್ಟಬ್ಯಾಡ."

"ನಿಮಗ ಹೆಂಗ ಹಚ್ಚಬೇಕು ಗೊತ್ತಾಗೂದಿಲ್ಲ. ಸಂದ ಬಿಡ್ತೀರಿ. ಆ ತುದಿ ಹಿಡೀರಿ."

"ರೇವೀ..."

"ಹಿಡೀರಿ ಅಂದ್ರ. ಇವತ್ತ ರಾತ್ರಿ ಚಿಗರಿ ಹಿಂಡ ಬಂದ್ರ ಇದೂ ಇಲ್ಲ."

ಈರಪ್ಪ ತುದಿ ಹಿಡಿದ. ಅವಳು ಬುಡ ಹಿಡಿದಳು. ಟೊಂಗೆಯನ್ನು ಗಿಡಗಳಿಗೆ ತಾಗದಂತೆ ಮೆಲ್ಲಗೆ ಇಳಿಸಿದರು. ಅವಳು ಕೂತು, ಮುಳ್ಳಿನ ನಡುವೆ ಕೈ ತೂರಿಸಿ, ಒಳಗೆ ಬಾಗಿದ್ದ ಒಂದು ಗಿಡವನ್ನು ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಮಣ್ಣು ಒತ್ತಿದಳು. ಮರೆವ್ವ ಇನ್ನೊಂದು ಟೊಂಗೆ ತರಲು ಹಳ್ಳಕ್ಕೆ ಹೋದಳು.

ಹೊತ್ತು ಇಳಿಯಿತು. ರಸ್ತೆಯಲ್ಲಿ ಊರಿನ ಬಂಡಿಗಳು ಒಂದರ ಹಿಂದೊಂದು ಮನೆಯ ಕಡೆ ಹೊರಟವು. ಮಡಿವಾಳೆಪ್ಪ ತನ್ನ ಬಂಡಿಯನ್ನು ದೂರದಿಂದಲೇ ಸುತ್ತಿಸಿಕೊಂಡು ಹೋದ. ಈರ್ಯಾ ಎಂದು ಕೂಗಿ ಕೈ ಎತ್ತಿದ. ಈರಪ್ಪ ಎತ್ತು ಹೂಡುವ ಮೊದಲು ಸಾಲಿಗುಂಟ ಈ ತುದಿಯಿಂದ ಆ ತುದಿಗೆ ನಡೆದು ಬಂದ. ರೇವವ್ವ ಬಂಡಿಯಲ್ಲಿ ಖಾಲಿ ಬುಟ್ಟಿಗಳ ನಡುವೆ ಕೂತಿದ್ದಳು.

"ಎಷ್ಟ ಹೋದುವು?" ಎಂದು ಕೇಳಿದಳು.

"ಎರಡ ಸಾಲ ಪೂರಾ. ಮೂರನೇದ್ರಾಗ, ನೀ ಮುಳ್ಳ ಹಚ್ಚಿದ ಆ ಇಪ್ಪತ್ತ ಗಿಡಾ ಬಿಟ್ರ, ಎಲ್ಲಾ. ಬೀಜಕ್ಕ ಇನ್ನ ಅವ ಅಷ್ಟ."